ಅಂಟು ಹಚ್ಚಿದ ರೈಫಲ್

ಹಳೆಯ ಮರದ ಸಾಮಾನು ಕೊಳ್ಳುವವರಿಗೆ ನನ್ನದೊಂದು ಸಲಹೆ: ಪಾಲಿಶ್ ಎಲ್ಲಿ ಹೆಚ್ಚು ಹೊಳೆಯುತ್ತದೋ ಅಲ್ಲಿ ಉಗುರಿನಿಂದ ಕೆರೆದು ನೋಡಿ. ಹುಮನಾಬಾದಿನಲ್ಲಿ ಅಂಗಡಿ ಇಟ್ಟ ಮೇಲೆ ಕಲಿತದ್ದಲ್ಲ ಇದು. ಬಸವಕಲ್ಯಾಣದ ಶಾಲೆಯಲ್ಲಿ ಕೆಡೆಟ್ ಆಗಿದ್ದಾಗ ನಾನೇ ಹಾಗೆ ಹೊಳಪು ಕೊಟ್ಟು ಒಬ್ಬಳಿಗೆ ಮೋಸ ಮಾಡಿದ್ದೆ.

ನಾವು ಹುಡುಗಿಯರು ಕವಾಯತಿಗೆ ಹಿಡಿಯುತ್ತಿದ್ದ ರೈಫಲ್‌ಗಳು ಒಂದು ಕಾಲಕ್ಕೆ ಸೈನಿಕರು ಹಿಡಿದಂಥವು. ಹಳತಾದ ಮೇಲೆ ಗುಂಡು ಹಾರದಂತೆ ಮಾಡಿ ಶಾಲೆಗಳಿಗೆ ಕೊಟ್ಟಿದ್ದರು. ಕಬ್ಬಿಣ ಗಟ್ಟಿಯಿತ್ತು, ಮರ ಒಣಗಿತ್ತು. ಒಂದು ಸಂಜೆ ನನ್ನದು ಕೈಜಾರಿ ಮೆಟ್ಟಿಲ ಮೇಲೆ ಬಿದ್ದು ಹಿಂಬದಿಯ ಮರ ಸೀಳಿತು. ಯಾರೂ ನೋಡಿರಲಿಲ್ಲ. ಅಂಟು ತುಂಬಿ, ಮೇಲೆ ಬೂಟ್ ಪಾಲಿಶ್ ತಿಕ್ಕಿ ಇಟ್ಟೆ.

ಮರುದಿನ ದೊಡ್ಡ ಕ್ಯಾಂಪಿಗೆ ಆಯ್ಕೆ. ನಾರಾಯಣಪುರದ ಕುರಿ ಕಾಯುವ ಮನೆಯ ನನ್ನ ಗೆಳತಿಗೆ ಅದೊಂದೇ ದಾರಿ. ಆಯ್ಕೆಯಾದರೆ ಕಾಲೇಜಿಗೆ ಕಳಿಸುತ್ತೇನೆಂದು ಅವಳಪ್ಪ ಮಾತು ಕೊಟ್ಟಿದ್ದರು.

“ನಂದು ತಗೋ, ಹಗರ ಅದ. ನಿನ್ನ ಉದ್ದ ಕೈಗಿ ಇದೇ ಒಪ್ತದ,” ಎಂದೆ.

“ಮತ್ತ ನಿನಗ?”

“ನನ್ನ ಚಿಂತಿ ಬಿಡು.”

ಖುಷಿಯಿಂದ ಬದಲಿಸಿಕೊಂಡಳು.

ಸಲಾಮಿ ಕೊಟ್ಟು ರೈಫಲ್ ಇಳಿಸುವಾಗ ಬುಡ ನೆಲಕ್ಕೆ ತಾಗಿದ್ದೇ ಮರ ಎರಡಾಯಿತು. ತರಬೇತಿ ಕೊಡುತ್ತಿದ್ದ ಉಸ್ತಾದರು, “ಕುರಿ ಹೊಡ್ಯೋ ಬಡಿಗಿ ಅಂತ ತಿಳಕೊಂಡಿಯೇನ್ ಇದು? ಹೋಗು ಆಕಡಿ,” ಎಂದರು. ಅವಳು ತಲೆ ತಗ್ಗಿಸಿ ಸಾಲಿನಿಂದ ಹೊರಗೆ ಹೋದಳು. ನನ್ನ ಕಡೆ ನೋಡಲೂ ಇಲ್ಲ, ಅನುಮಾನವಿದ್ದರೆ ತಾನೆ. ಕ್ಯಾಂಪಿಗೆ ನಾನು ಹೋದೆ. ಅವಳು ಕಾಲೇಜು ನೋಡಲಿಲ್ಲ.

ಕಳೆದ ವರ್ಷ ಅವಳು ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಳು, ಓದುವ ಮೇಜು ಬೇಕೆಂದು. ಮಗಳೂ ಈಗ ಕೆಡೆಟ್ ಅಂತೆ.

“ಈಕಿಗಿ ದಿನಾ ಹೇಳಾಕತ್ತೇನಿ, ರೈಫಲ್ ಜ್ವಾಕಿಂದ ಹಿಡಿ ಅಂತ. ನನ್ನ ಕೈಗಂತೂ ಆ ಜ್ವಾಕಿನೇ ಇದ್ದಿಲ್ಲ,” ಎಂದು ನಕ್ಕಳು.

ವ್ಯಾಪಾರದಲ್ಲಿ ಸುಮ್ಮನಿದ್ದವನೇ ಗೆಲ್ಲುತ್ತಾನೆ ಎಂದು ಎಲ್ಲರಿಗೂ ಹೇಳುವವಳು ನಾನು. ಅಂದು ಆಗಲಿಲ್ಲ. ಬಿರುಕು, ಅಂಟು, ಪಾಲಿಶ್, ಎಲ್ಲ ಹೇಳಿಬಿಟ್ಟೆ. ಮೇಜಿಗೆ ದುಡ್ಡು ಬೇಡ, ಹಾಗೆಯೇ ಒಯ್ಯಿ ಎಂದೂ ಸೇರಿಸಿದೆ. ನಾಲಿಗೆಗೂ ಪಾಲಿಶ್ ತಿಕ್ಕುವ ಹಳೆ ಚಾಳಿ.

ಅವಳು ಮೇಜಿನ ಮೇಲಿಟ್ಟಿದ್ದ ಕೈ ತೆಗೆದಳು.

“ನಮ್ಮಪ್ಪ ಸಾಯೋತನಕ ಅಂತಿದ್ದ, ನಿನ್ನ ಕೈಯಾಗ ಏನ್ ಕೊಟ್ರೂ ಉಳ್ಯಂಗಿಲ್ಲ ಅಂತ. ನಾನೂ ಹೌದಂತಿದ್ದೆ.”

ನಾನು ಏನೋ ಹೇಳಲು ಹೋದೆ. “ನೀ ಸುಮ್ನಿರು,” ಎಂದಳು. ಮಗಳ ಕೈ ಹಿಡಿದು ಹೊರಟಳು. ರಸ್ತೆಗಿಳಿಯುವಾಗ ಅವಳು ಮಗಳಿಗೆ ಹೇಳುತ್ತಿದ್ದದ್ದು ಕೇಳಿಸಿತು:

“ನನ್ನ ಕೈಯಾಗ ಮುರ್ದಿಲ್ಲ ಅದು. ಕೇಳ್ದಿ ಇಲ್ಲ?”