ತಾನಾಗೇ ನುಗ್ಗುವ ಗಾಡಿಗಳ ನ್ಯೂಟ್ರಲ್ ಅಣ್ಣ

ನಸುಕು. ಊರಾಚೆಯ ಖಾಲಿ ರಸ್ತೆಯಲ್ಲಿ ಹಳೆಯ ಶಾಲಾ ವ್ಯಾನೊಂದು ಸುತ್ತು ಹೊಡೆಯುತ್ತಿದೆ. ಸ್ಟಿಯರಿಂಗ್ ಹಿಡಿದವರು ನಡುವಯಸ್ಸಿನ ಮೆಕ್ಯಾನಿಕ್, ಪಕ್ಕದಲ್ಲಿ ವ್ಯಾನಿನ ಚಾಲಕಿ, ಹಿಂದೆ, ಇವರ ಬಗ್ಗೆ ಬರೆಯಲು ಬಂದು ಜೀವ ಕೈಯಲ್ಲಿ ಹಿಡಿದು ಕೂತ ನಾನು. ಯಾರೂ ತುಳಿಯದೆ ತಾನಾಗೇ ನುಗ್ಗುವ ಗಾಡಿಗಳ ರೋಗ ಹುಡುಕುವುದು ಈ ಮೆಕ್ಯಾನಿಕ್ ಕಸುಬು.

"ಗಾಡಿ ಕೈಮೀರಿದ್ರೆ ಬ್ರೇಕ್ ಗಟ್ಟಿಯಾಗಿ ತುಳೀರಿ, ಗೇರು ನ್ಯೂಟ್ರಲ್ಲಿಗೆ ತಳ್ಳಿ." ಬಂದವರಿಗೆಲ್ಲ ಇದನ್ನೇ ಹೇಳಿ ಹೇಳಿ ಇವರ ಹೆಸರೇ ನ್ಯೂಟ್ರಲ್ ಅಣ್ಣ ಎಂದಾಗಿದೆ. "ಮನೇಲೂ ಅದೇ ಹೆಸ್ರು. ಅಮ್ಮ, ಹೆಂಡ್ತಿ ಜಗಳ ಆಡಿದ್ರೆ ನಾನು ಆ ಕಡೇನೂ ಇಲ್ಲ, ಈ ಕಡೇನೂ ಇಲ್ಲ."

ಚಾಲಕಿ ನಗುವುದಿಲ್ಲ. ಹೋದ ವಾರ ಮಕ್ಕಳನ್ನು ಇಳಿಸಿ ಹೊರಟಾಗ ವ್ಯಾನು ಶಾಲೆಯ ತಿರುವಿನಲ್ಲಿ ನುಗ್ಗಿ ಗೋಡೆಗೆ ಗುದ್ದಿದೆ. ಆಕೆ ಬ್ರೇಕೆಂದುಕೊಂಡು ಆಕ್ಸಿಲರೇಟರ್ ತುಳಿದಿದ್ದಾರೆ ಎಂಬುದು ವ್ಯಾನಿನ ಮಾಲೀಕರ ತೀರ್ಪು. ಇಂದು ದೋಷ ಸಿಗದಿದ್ದರೆ ಚಾಲಕಿಯ ಕೆಲಸ ಹೋಗುತ್ತದೆ, ವ್ಯಾನು ಬೇರೆ ಡ್ರೈವರ್ ಕೈ ಸೇರುತ್ತದೆ. "ಕೆಲ್ಸ ಹೋದ್ರೆ ಹೋಗ್ಲಿ ಅಣ್ಣ. ಇದ್ರಲ್ಲಿ ಮಕ್ಳು ಕೂರ್ತಾರಲ್ಲ, ಅದೇ ಭಯ."

ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಮೇಲೆ ಅಣ್ಣನಿಗೆ ಗುಮಾನಿ. ಆದರೆ ಹಾಳು ವ್ಯಾನು ಇಂದು ಬಲು ಸಾಧು. ಕೊನೆಗೆ ಅವರು ಕೆಳಗಿಳಿದು ಸೀಟು ಬಿಟ್ಟುಕೊಟ್ಟು, ಪಕ್ಕದ ಸೀಟಿಗೆ ಬಂದು ಕೂರುತ್ತಾರೆ. "ನೀವೇ ಓಡ್ಸಿ ಅಕ್ಕ. ದಿನಾ ಹೆಂಗೋ ಹಂಗೇ."

ಚಾಲಕಿ ಹೊರಡುತ್ತಾರೆ. ತಿರುವು ಬರುತ್ತದೆ. ಎದುರಿಗೆ ನರಪಿಳ್ಳೆಯೂ ಇಲ್ಲ, ಆದರೂ ಶಾಲೆಯ ತಿರುವಿನಲ್ಲಿ ಒತ್ತುವಂತೆಯೇ ಅಭ್ಯಾಸಬಲದಿಂದ ಹಾರ್ನ್ ಒತ್ತುತ್ತಾರೆ. ವ್ಯಾನು ಒಮ್ಮೆಲೇ ಮುನ್ನುಗ್ಗುತ್ತದೆ. ನಾನು ಮುಂದಿನ ಸೀಟನ್ನು ತಬ್ಬಿ ಹಿಡಿಯುತ್ತೇನೆ.

"ನಾನು ತುಳಿದಿಲ್ಲ, ಕಾಲು ನೋಡಿ ಅಣ್ಣ!"

ಅಣ್ಣ ಬಗ್ಗಿ ನೋಡುತ್ತಾರೆ. ಆಕೆಯ ಕಾಲು ಬ್ರೇಕಿನ ಮೇಲೇ ಇದೆ. "ನ್ಯೂಟ್ರಲ್" ಎನ್ನುತ್ತಾರೆ, ಮೆಲ್ಲಗೆ. ಆಕೆ ಗೇರು ತಳ್ಳುತ್ತಾರೆ. ಎಂಜಿನ್ ಕಿರುಚುತ್ತದೆ, ವ್ಯಾನು ಮಾತ್ರ ಸೋತು ಚರಂಡಿಯ ಅಂಚಿನಲ್ಲಿ ನಿಲ್ಲುತ್ತದೆ.

ಸ್ಟಿಯರಿಂಗ್ ಬಿಚ್ಚಿದರೆ ಹಾರ್ನಿನ ವೈರೂ ಕ್ರೂಸಿನ ವೈರೂ ಸಿಪ್ಪೆ ಸವೆದು ಒಂದಕ್ಕೊಂದು ತಾಗುತ್ತಿವೆ; ಹಾರ್ನ್ ಒತ್ತಿದರೆ ಕ್ರೂಸಿಗೆ ವೇಗ ಹೆಚ್ಚಿಸೆಂಬ ಅಪ್ಪಣೆ ಹೋಗುತ್ತದೆ. ಬ್ರೇಕ್ ತುಳಿದಾಗ ಕ್ರೂಸನ್ನು ಬಿಡಿಸಬೇಕಾದ ಸ್ವಿಚ್ಚೂ ಕೆಟ್ಟಿದೆ. "ತಪ್ಪು ನಂದೇ. ಖಾಲಿ ರಸ್ತೆ ಅಂತ ಒಂದ್ಸಲಾನೂ ಹಾರ್ನ್ ಹೊಡೀಲಿಲ್ಲ ನೋಡಿ" ಎಂದು ಅಣ್ಣ ತಲೆ ಚಚ್ಚಿಕೊಳ್ಳುತ್ತಾರೆ.

ಅಷ್ಟರಲ್ಲಿ ಮಾಲೀಕರ ಫೋನು. ಚಾಲಕಿ ಬ್ಯಾಗಿನಿಂದ ಫೋನು ಹೊರತೆಗೆಯುತ್ತಾರೆ. ಅಣ್ಣ ತಾವೇ ಫೋನು ತೆಗೆದುಕೊಳ್ಳುತ್ತಾರೆ.

"ಸರ್, ಎಲ್ರೂ ನನ್ನ ನ್ಯೂಟ್ರಲ್ ಅಂತಾರೆ. ಇವತ್ತು ಅಲ್ಲ. ಇವತ್ತು ನಾನು ಅಕ್ಕನ ಕಡೆ."