ಟಾರ್ಪಾಲು ಹೊಲಿಯುವವಳ ಹಾಯಿ

ನನ್ನ ತಂಗಿ ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಾಳೆ. ಅಂಗಡಿ ನಮ್ಮಿಬ್ಬರದು. ಅಳತೆ, ಕತ್ತರಿ, ಕೈಹೊಲಿಗೆ ಅವಳದು, ಮಷಿನ್ನು ನನ್ನದು. ಅವಳಿಗೆ ನಲವತ್ನಾಲ್ಕು ವಯಸ್ಸು, ಬೆರಳ ತುಂಬ ದಾರ ಕೊಯ್ದ ಗೀರು. ಇಂಥವಳು ಹಲಗೆಯ ಮೇಲೆ ನಿಂತು, ಹಾಯಿ ಹಿಡಿದು, ನೀರಿನ ಮೇಲೆ ಓಡುತ್ತಾಳೆ ಎಂದರೆ ನೀವು ನಗುತ್ತೀರಿ. ನಗಿ. ನಾನೂ ನಕ್ಕವನೇ. ನಮ್ಮೂರಿಂದ ಕಡಲಿಗೆ ಒಂದು ಹಗಲಿನ ದಾರಿ. ಆಗಿನ್ನೂ ಅವಳು ಅದನ್ನು ಕಣ್ಣಿಂದ ಕಂಡವಳೂ ಅಲ್ಲ.

ಶುರುವಾದದ್ದು ಒಬ್ಬ ಗಿರಾಕಿಯಿಂದ. ಮನೆ ಖಾಲಿ ಮಾಡುತ್ತಿದ್ದ ಪುಣ್ಯಾತ್ಮ ಒಂದು ಉದ್ದನೆಯ ಹಲಗೆ, ಅದಕ್ಕೆ ಸಿಕ್ಕಿಸುವ ಕಂಬ, ಅಲ್ಲಲ್ಲಿ ಹರಿದ ಹಾಯಿ ತಂದು ಅಂಗಡಿ ಮುಂದೆ ಇಳಿಸಿದ. "ಇದರ ಮೇಲೆ ನಿಂತು ನೀರಲ್ಲಿ ಓಡ್ತಾರೆ. ನನಗಿನ್ನು ಬೇಡ. ಬಟ್ಟೆ ಗಟ್ಟಿಯಾಗಿದೆ, ಚೀಲ ಗೀಲ ಹೊಲ್ಕೊಳ್ಳಿ" ಎಂದು ಹೊರಟೇಹೋದ. ನಾನು ಕತ್ತರಿಗೆ ಕೈ ಹಾಕಿದೆ.

"ಮುಟ್ಟಿದ್ರೆ ನೋಡು!" ಎಂದಳು ತಂಗಿ. "ಇದರ ಮೇಲೆ ಜನ ನಿಂತ್ಕೋತಾರೆ ಅಂದ್ರೆ ನಾನ್ಯಾಕೆ ನಿಂತ್ಕೋಬಾರ್ದು?"

ಹಾಯಿಯನ್ನು ನೆಲಕ್ಕೆ ಹಾಸಿದೆವು. ಎಷ್ಟು ಎಳೆದರೂ ಅದು ಸಮ ಕೂರದು, ನಡುವೆ ಉಬ್ಬುತ್ತದೆ. ನಮ್ಮ ಕಸುಬಿನ ಮೊದಲ ಪಾಠವೇ ಅದು: ಟಾರ್ಪಾಲು ಹೊಟ್ಟೆ ಬಿಡಬಾರದು. ಬಿಟ್ಟರೆ ಮಳೆನೀರು ನಿಂತು ಕೆಳಗಿನ ಮೂಟೆಯೆಲ್ಲ ಹಾಳು. "ಯಾವನೋ ಕೈಲಾಗದವನು ಹೊಲಿದಿದ್ದಾನೆ" ಎಂದೆ. ಅವಳು ಗುರುತು ಹಾಕಿಕೊಟ್ಟಳು, ನಾನು ಮಡಿಕೆ ಹಿಡಿದು ಹೊಲಿದೆ. ಹಾಯಿ ಮೇಜಿನಷ್ಟು ಸಪಾಟಾಯಿತು. ನಮ್ಮ ಕೈಚಳಕಕ್ಕೆ ನಾವೇ ಬೀಗಿದೆವು.

ಆಮೇಲೆ ಏಳು ತಿಂಗಳು, ಪ್ರತಿ ಭಾನುವಾರ, ಊರಾಚೆಯ ಕೆರೆಯಲ್ಲಿ ಅವಳು ಬಿದ್ದದ್ದೇ ಬಿದ್ದದ್ದು.

"ಇದು ಗಾಳೀನೇ ಹಿಡೀತಿಲ್ಲ ಕಣೋ" ಎಂದಳು ಒಮ್ಮೆ.

"ಹೌದಮ್ಮಾ, ಕುಣೀಲಾರದವಳಿಗೆ ನೆಲ ಡೊಂಕು" ಎಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಮುಂದಿನ ಭಾನುವಾರ ನಾನು ಹಾಕಿದ ಹೊಲಿಗೆಯೊಂದು ಬಿಚ್ಚಿಕೊಂಡಿತು. ಮಡಿಕೆ ತೆರೆದು ಹಾಯಿ ಉಬ್ಬಿತು. ಅಷ್ಟೇ ಸಾಕು, ಹಲಗೆ ಸರ್ರನೆ ಹೊರಟಿತು. "ಅಣ್ಣಾ, ಇದಕ್ಕೆ ಹೊಟ್ಟೆ ಬೇಕು ಕಣೋ!" ಎಂದು ಕೆರೆಯ ನಡುವಿಂದ ಕೂಗುತ್ತಿದ್ದಳು. ಮೂವತ್ತು ವರ್ಷದಲ್ಲಿ ನನ್ನ ಹೊಲಿಗೆ ಬಿಚ್ಚಿದ್ದು ಅದೊಂದೇ ಸಲ. ನಾಚಿಕೆಯಾಯಿತು, ಖುಷಿಯೂ ಆಯಿತು. ಮರುದಿನ ಬ್ಲೇಡು ಹಿಡಿದು ಉಳಿದ ಮಡಿಕೆಗಳನ್ನೂ ಬಿಚ್ಚಿಕೊಟ್ಟೆ.

ನಮ್ಮ ಕೆರೆಯ ಗಾಳಿ ಮಹಾ ಜಿಪುಣ. ಚೂರು ಬೀಸಿ ನಿಂತುಬಿಡುತ್ತದೆ. ನಿಂತಾಗೆಲ್ಲ ಅವಳು ಹಾಯಿಯನ್ನು ತನ್ನತ್ತ ಎಳೆದು ಬಿಟ್ಟು, ಎಳೆದು ಬಿಟ್ಟು, ಬೀಸಣಿಗೆಯಂತೆ ತಾನೇ ಗಾಳಿ ಮಾಡಿಕೊಂಡು ಮುಂದೆ ಹೋಗುತ್ತಿದ್ದಳು. ಎರಡು ವರ್ಷ ಹೀಗೇ. ತೋಳುಗಳು ಹಮಾಲಿಯ ತೋಳಾದವು.

ಆಗ ಕಡಲತೀರದಲ್ಲಿ ಒಂದು ಸ್ಪರ್ಧೆ ಇದೆಯೆಂದು ಗೊತ್ತಾಯಿತು. ಯಾರು ಬೇಕಾದರೂ ಬರಬಹುದು. ನೀರಲ್ಲಿ ಗುರುತಿಗೆ ಬಿಟ್ಟ ತೇಲುಬುರುಡೆಗಳನ್ನು ಸುತ್ತಿ ಒಂದು ಗಂಟೆಯೊಳಗೆ ಗೆರೆ ದಾಟಿದವರ ಹೆಸರು ಮಾತ್ರ ಪಟ್ಟಿಯಲ್ಲಿ. "ಕೊನೆಯವಳಾದ್ರೂ ಚಿಂತೆಯಿಲ್ಲ ಅಣ್ಣ, ಪಟ್ಟೀಲಿ ಇರ್ಬೇಕು" ಎಂದಳು. ಗಿರಾಕಿಯೊಬ್ಬರ ಲಾರಿಯಲ್ಲಿ ಹಲಗೆ ಹೇರಿಕೊಂಡು, ಸ್ಪರ್ಧೆಯ ಬೆಳಿಗ್ಗೆಯೇ ತಲುಪಿದೆವು.

"ಯಾವ ಕಡೆಯವರು?" ಎಂದು ಅಲ್ಲಿಯವನೊಬ್ಬ ಕೇಳಿದ. "ಕೆರೆ ಕಡೆಯವರು" ಎಂದಳು ಇವಳು. "ಓಹೋ, ಸ್ನಾನಕ್ಕೆ ಬಂದ್ರಾ?" ಎಂದು ನಕ್ಕ. ನನ್ನ ಮೈ ಉರಿದುಹೋಯಿತು. ಅವಳು ಹಾಯಿ ಕಟ್ಟುತ್ತಲೇ ಇದ್ದಳು.

ಇಪ್ಪತ್ನಾಲ್ಕು ಜನ ಹೊರಟರು. ಅಲೆ ಅಂದರೇನೆಂದು ತಿಳಿಯದ ನನ್ನ ತಂಗಿ ನಾಲ್ಕು ಸಲ ಬಿದ್ದಳು, ಎಲ್ಲರಿಗಿಂತ ಹಿಂದೆ ಬಿದ್ದಳು. ಮುಂದಿದ್ದ ಎಂಟು ಜನ ಗೆರೆ ದಾಟಿದ್ದೇ ತಡ, ಗಾಳಿ ಸತ್ತುಹೋಯಿತು. ಕಡಲೂರಿನವರೆಲ್ಲ ಹಲಗೆಯ ಮೇಲೆ ಕೂತು ಗಾಳಿಗಾಗಿ ಕಾದರು. ಕಾದು ಸಾಕಾಗಿ ಒಬ್ಬೊಬ್ಬರೇ, ಸೋತವರನ್ನು ದಡಕ್ಕೆ ತರಲು ಇಟ್ಟಿದ್ದ ದೋಣಿ ಹತ್ತಿದರು.

ಒಂದೇ ಒಂದು ಹಾಯಿ ಅಲ್ಲಾಡುತ್ತಿತ್ತು. ಎಳೆದು ಬಿಟ್ಟು, ಎಳೆದು ಬಿಟ್ಟು. ದೋಣಿ ಅವಳ ಹತ್ತಿರವೂ ಹೋಯಿತು, ಹಗ್ಗ ಎಸೆದರು. ಹಿಡಿದರೆ ಎಲ್ಲ ಮುಗಿಯಿತು. ಅವಳು ಏನೋ ಅಂದಳು, ದೋಣಿ ಹಿಂದೆ ಸರಿಯಿತು. ಏನಂದಳೆಂದು ದೋಣಿಯವನೇ ಆಮೇಲೆ ಹೇಳಿದ: "ಆಚೆ ಸರ್ಕೋ, ಇರೋ ಚೂರು ಗಾಳೀನೂ ತಡೀಬೇಡ."

ಐವತ್ತೆಂಟನೆಯ ನಿಮಿಷಕ್ಕೆ ಗೆರೆ ದಾಟಿದಳು. ಒಂಬತ್ತನೆಯವಳು, ಕೊನೆಯವಳು. ಅಷ್ಟು ಜನರ ನಡುವೆ ನಾನು ಹುಚ್ಚನ ಹಾಗೆ ಕೂಗಿದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಗಡಿಯಾರ ಹಿಡಿದಿದ್ದ ಹಿರಿಯರು ಅವಳ ಹೆಸರನ್ನು ಪಟ್ಟಿಗೆ ಬರೆದು ನನ್ನತ್ತ ತಿರುಗಿದರು. "ಅಬ್ಬಬ್ಬಾ, ಏನು ಕೈ ರೀ ಅವರದ್ದು! ಸಮುದ್ರದಲ್ಲಿ ಎಷ್ಟು ವರ್ಷದ ಅಭ್ಯಾಸ?"

"ವರ್ಷವೇ?" ಎಂದೆ. "ಇನ್ನೂ ಒಂದು ಗಂಟೆ ಆಗಿಲ್ಲ ಸ್ವಾಮಿ."