ಸೈಲೆನ್ಸರ್ ಸದ್ದಿಗೆ ಎಸರಿಟ್ಟ ಮನೆ

ನಮ್ಮ ಯಜಮಾನರು ಶ್ರೀನಿವಾಸಪುರದಲ್ಲಿ ಸರ್ಕಾರಿ ಆಫೀಸಿನ ಗುಮಾಸ್ತರಾಗಿದ್ದರು. ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ಅವರಿಗೆ ಸಂಬಳದ ಹಳೆ ಬಾಕಿ ಒಟ್ಟಿಗೆ ಕೈಗೆ ಬಂತು. ಮಾರನೆಯ ಭಾನುವಾರವೇ ಬೆಂಗಳೂರಿಗೆ ಹೋಗಿ ತಮ್ಮ ಮೋಟಾರ್ ಸೈಕಲ್ಲಿಗೆ ಒಂದು ಸೈಲೆನ್ಸರ್ ತಂದರು. ಫಾರಿನ್ ಮಾಲಂತೆ, ರೇಸಿನ ಗಾಡಿಗಳಿಗೆ ಹಾಕುವಂಥದ್ದಂತೆ. ಹಳೆಯದೇನೂ ಕೆಟ್ಟಿರಲಿಲ್ಲ.

ಬೆಲೆ ಕೇಳಿ ನಮ್ಮತ್ತೆ ಹಣೆ ಚಚ್ಚಿಕೊಂಡರು. "ಹೊಗೆ ಹೋಗೋ ಕೊಳವೆಗೆ ಇಷ್ಟು ದುಡ್ಡೇನ್ಲಾ? ಕರೆಯೋ ಹಸು ಬರ್ತಿತ್ತಲ್ಲೋ!"

"ಹಸುವಿಗೆ ದಿನಾ ಹುಲ್ಲು ಹಾಕ್ಬೇಕಮ್ಮಾ."

"ಇದಕ್ಕೆ ಪೆಟ್ರೋಲ್ ಹಾಕಲ್ವಾ? ಹಸು ಹಾಲಾದ್ರೂ ಕೊಡ್ತದೆ, ಇದೇನು ಕೊಡ್ತದೆ?"

"ಸದ್ದು ಕೊಡ್ತದೆ ಕಣಮ್ಮಾ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಹಸು ಎಂದಾಗ ನನಗೂ ಆಸೆಯಾಗಿತ್ತು.

ಮೆಕ್ಯಾನಿಕ್ಕೂ ಅದನ್ನು ಹೊಗಳಲಿಲ್ಲ. ಓಟ ಅಷ್ಟೇನೂ ಹೆಚ್ಚುವುದಿಲ್ಲ, ಪೆಟ್ರೋಲು ಮಾತ್ರ ಜಾಸ್ತಿ ಕುಡಿಯುತ್ತದೆ ಎಂದನಂತೆ. ಆದರೆ ಸದ್ದಿನ ಮಾತು ನಿಜವಾಯಿತು. ಬೇರೆ ಗಾಡಿಗಳ ಹಾಗೆ ಕಿರುಚುತ್ತಿರಲಿಲ್ಲ. ಎದೆಯೊಳಗಿಂದ ಬಂದ ಹಾಗೆ ದಪ್ಪಗೆ ಬರುತ್ತಿತ್ತು. ಸಂಜೆ ಆಫೀಸಿನಿಂದ ಬರುವಾಗ ಗಾಡಿ ನಮ್ಮೂರ ಕೆರೆಕಟ್ಟೆ ಹತ್ತಿತೆಂದರೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು.

ಅವರಿಗೆ ಮುದ್ದೆ ಬಿಸಿಯಾಗಿರಬೇಕು, ಆರಿದರೆ ಮುಟ್ಟುತ್ತಿರಲಿಲ್ಲ. ನಾನು ಎಸರು ಕಾಯಿಸಿಟ್ಟುಕೊಂಡು ಕಾಯುತ್ತಿದ್ದೆ. ಕಟ್ಟೆಯ ಮೇಲೆ ಸದ್ದು ಕೇಳಿದೊಡನೆ ಹಿಟ್ಟು ಸುರಿಯುತ್ತಿದ್ದೆ. ಅತ್ತೆ ಅಂಗಳದಲ್ಲಿ ಕಾಲಿಗೆ ನೀರಿಡುತ್ತಿದ್ದರು. ಕಟ್ಟೆಯಿಂದ ಊರೊಳಗೆ ಬರಲು ಸುತ್ತು ದಾರಿ, ಅಲ್ಲಲ್ಲಿ ನಿಂತು ಮಾತಾಡುವ ಅಭ್ಯಾಸ ಬೇರೆ. ಅವರು ಕಾಲು ತೊಳೆದು ಒಳಗೆ ಬರುವ ಹೊತ್ತಿಗೆ ಮುದ್ದೆ ತಟ್ಟೆಯಲ್ಲಿರುತ್ತಿತ್ತು. ಅತ್ತೆ ಹಸುವಿನ ಮಾತನ್ನು ಬಿಟ್ಟೇಬಿಟ್ಟರು.

ಆಮೇಲೆ ಯಜಮಾನರಿಗೆ ಕಾಮಾಲೆಯಾಯಿತು. ನಾಟಿ ಔಷಧಿ ಕೊಡಿಸಿದೆವು, ಕೋಲಾರದ ಆಸ್ಪತ್ರೆಗೂ ಸೇರಿಸಿದೆವು. ಉಳಿಯಲಿಲ್ಲ. ನನ್ನ ಕೈಯಿಂದ ತೀರ್ಥ ತೆಗೆದುಕೊಂಡು ನಿದ್ದೆಯಲ್ಲೇ ಹೋದರು. ರಸ್ತೆಯಲ್ಲಿ ಬಿದ್ದು ಹೋಗಲಿಲ್ಲ, ಮುಖ ಮುಖದ ಹಾಗೇ ಇತ್ತು. ಅಷ್ಟು ದಯೆ ದೇವರದು. ನನಗೆ ಅಳು ಬರಲಿಲ್ಲ. ಬಂದವರೆಲ್ಲ ಅತ್ತರು, ಅವರಿಗೆಲ್ಲ ನಾನೇ ಕಾಫಿ ಕಾಸಿದೆ.

ತಿಂಗಳುಗಳು ಕಳೆದ ಮೇಲೆ ನನ್ನ ಮೈದುನ ಗಾಡಿಗೊಂದು ಗಿರಾಕಿ ಹುಡುಕಿದ. ಮುಳಬಾಗಿಲು ಕಡೆಯ ಟೊಮೇಟೊ ವ್ಯಾಪಾರಿ, ನಮ್ಮ ಊರುಗಳಲ್ಲೇ ಮಾಲು ಎತ್ತುವವರು. ಒಂದು ಸಂಜೆ ಬಂದು ಓಡಿಸಿ ನೋಡುತ್ತೇನೆಂದು ಗಾಡಿ ತೆಗೆದುಕೊಂಡು ಹೋದರು. ಗಾಡಿ ಅವರ ಕೈಯಲ್ಲಿದೆಯೆಂದು ನನಗೆ ಗೊತ್ತಿತ್ತು. ತಿರುಗಿ ಬರುವಾಗ ಕಟ್ಟೆಯ ಮೇಲೆ ಆ ಸದ್ದು ಕೇಳಿತು. ನನಗೂ ಅತ್ತೆಗೂ ಎಂದು ಸಾರಿಗಿಟ್ಟ ನೀರು ಕುದಿಯುತ್ತಿತ್ತು. ನನ್ನ ಕೈ ಹಿಟ್ಟಿನ ಡಬ್ಬ ತೆಗೆದು ಸುರಿಯಿತು. ಕೋಲು ತೆಗೆದುಕೊಳ್ಳಲು ತಿರುಗಿ ಅಂಗಳ ನೋಡಿದೆ. ಅತ್ತೆ ಕಾಲಿಗೆ ನೀರಿಟ್ಟು ಚೊಂಬು ಹಿಡಿದು ನಿಂತಿದ್ದರು.

ಸುರಿದ ಹಿಟ್ಟು ದಂಡವಾಗಬಾರದೆಂದು ನಾನು ಮುದ್ದೆ ತಿರುವಿದೆ.

ವ್ಯಾಪಾರಿಗೆ ಗಾಡಿ ಹಿಡಿಸಿತು. ನಾನು ಮೈದುನನನ್ನು ಒಳಗೆ ಕರೆದೆ. "ಹಳೇ ಸೈಲೆನ್ಸರ್ ಅಟ್ಟದ ಮೇಲಿದೆ. ಅದನ್ನ ಹಾಕಿಸಿ ಕೊಡಪ್ಪಾ. ಇದು ಬೇಡ. ಇವರು ದಿನಾ ಇದೇ ಕಟ್ಟೆ ಮೇಲೆ ಹೋಗೋರು."

ಅವನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು, "ತೆಗೀಬೇಡ ಕಣೇ. ಸದ್ದಾದ್ರೂ ಬರ್ತಿರ್ಲಿ."

"ನನ್ ಕೈಲಿ ಕೇಳೋಕಾಗಲ್ಲ ಅತ್ತೆ."

"ನನಗೆ ಕೇಳ್ದೆ ಇರೋಕಾಗಲ್ಲ."

ನಾನು ಗಂಡನನ್ನು ಕಳೆದುಕೊಂಡವಳು, ಅವರು ಮಗನನ್ನು. ಯಾರದು ಹೆಚ್ಚೆಂದು ತೂಗುವ ಶಕ್ತಿ ನನಗಿರಲಿಲ್ಲ. "ಹಂಗೇ ಕೊಡಪ್ಪಾ" ಎಂದೆ.

ಅಲ್ಲಿಂದ ಮುಂದೆ ನಾನು ಹೊತ್ತು ಮುಳುಗುವ ಮುಂಚೆಯೇ ಮುದ್ದೆ ಮಾಡಿ ಮುಚ್ಚಿಡತೊಡಗಿದೆ. ಕಟ್ಟೆಯ ಮೇಲೆ ಸದ್ದು ಬರುವಾಗ ದೇವರ ಮನೆಯಲ್ಲಿ ಕೂತಿರುತ್ತಿದ್ದೆ. ಬಾಯಲ್ಲಿ ನಾಮ ಓಡುತ್ತಿತ್ತು, ಒಳಗೇನೂ ಇರುತ್ತಿರಲಿಲ್ಲ. ಅತ್ತೆ ಜಗಲಿಯಲ್ಲಿ ಕೂತು ಸದ್ದು ಪೂರ್ತಿ ಅಡಗುವವರೆಗೆ ಕೇಳಿ, ಆಮೇಲೆ ಒಳಗೆ ಬಂದು ಆರಿದ ಮುದ್ದೆಯನ್ನೇ ಉಣ್ಣುತ್ತಿದ್ದರು.

ವರ್ಷ ತುಂಬುವ ಮೊದಲೇ ಆ ವ್ಯಾಪಾರಿ ಬಾಗಿಲಿಗೆ ಬಂದರು. "ಪೆಟ್ರೋಲ್‌ಗೇ ನನ್ ಲಾಭ ಎಲ್ಲಾ ಹೋಗ್ತಿದೆ ಅಮ್ಮಾ. ಹಳೇ ಸೈಲೆನ್ಸರ್ ಇದೆಯಂತಲ್ಲ, ಕೊಟ್ರೆ ಹಾಕಿಸ್ಕೊಂತೀನಿ. ಈ ಫಾರಿನ್ನದು ನೀವೇ ಇಟ್ಕೊಳ್ಳಿ."

ನಾನು ಬೇಡಿಕೊಂಡದ್ದೇ ಬಾಗಿಲಿಗೆ ಬಂದಿತ್ತು. ಅಟ್ಟಕ್ಕೆ ಏಣಿ ಇಟ್ಟು ಒಂದು ಮೆಟ್ಟಿಲು ಹತ್ತಿದೆ. ಅತ್ತೆ ಬೇಡವೆನ್ನಲಿಲ್ಲ. ಜಗಲಿಯಿಂದ ಎದ್ದು, ಇನ್ನು ಸದ್ದಿಗೆ ಕಾಯುವುದೇನಿದೆ, ಈಗಲೇ ಊಟ ಹಾಕು ಅನ್ನುವಂತೆ, ಒಳಗೆ ಬಂದು ತಟ್ಟೆಯ ಮುಂದೆ ಕೂತರು. ಅಷ್ಟೇ.

ನಾನು ಇಳಿದೆ. ಬಾಗಿಲಿಗೆ ಬಂದು ವ್ಯಾಪಾರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ನಮ್ಮತ್ತೆ ನಿಮ್ಮ ಗಾಡಿ ಸದ್ದು ಕೇಳಿದ ಮೇಲೇ ಊಟಕ್ಕೇಳೋದು ಅಣ್ಣಾ. ಅವರ ಮಗನ ಸದ್ದು ಅದು."

ಅವರು ಗಾಡಿಯನ್ನೊಮ್ಮೆ ನೋಡಿದರು. "ಅಯ್ಯೋ ರಾಮ" ಎಂದರು. ಮತ್ತೇನೂ ಕೇಳದೆ, ಗಾಡಿಯನ್ನು ಸ್ಟಾರ್ಟ್ ಮಾಡದೆ, ಬೀದಿಯ ತುದಿಯವರೆಗೆ ತಳ್ಳಿಕೊಂಡೇ ಹೋದರು.

ಮಾರನೆಯ ಸಂಜೆ ಕಟ್ಟೆಯ ಮೇಲೆ ಅದೇ ಸದ್ದು ಬಂತು. ಅತ್ತೆ ಒಳಗೆ ಬಂದರು. ನಾನು ತಟ್ಟೆ ಹಾಕಿದೆ.